ಸದ್ದಿಲ್ಲದ ಮಿಷನ್

ಸೊಸೆ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದಳು. ಔಷಧಿ ಕಾರ್ಖಾನೆಯಲ್ಲಿ ತುಂಬಿದ ಬಾಟಲಿಗಳನ್ನು ಬೆಳಕಿಗೆ ಹಿಡಿದು, ಒಳಗೆ ಕಸವೋ ಕೂದಲೋ ತೇಲುತ್ತಿದೆಯೇ ಎಂದು ಹುಡುಕುವುದು ಅವಳ ಕೆಲಸ. ಒಂದು ಚುಕ್ಕೆ ಕಂಡರೂ ಬಾಟಲಿ ವಾಪಸ್. ಹೆರಿಗೆ ರಜೆಯಲ್ಲಿ ಬಾಟಲಿಗಳು ಸಿಗದೆ ಈಗ ಮನೆಯ ತಟ್ಟೆ ಲೋಟಗಳ ಬೆನ್ನು ಹತ್ತಿದ್ದಳು.

"ಅತ್ತೆ, ನೋಡಿ ಇಲ್ಲಿ. ಮತ್ತೆ ಅನ್ನದ ಅಗುಳು. ಅಂಚಿನಲ್ಲಿ ಮೊಟ್ಟೆ ಒಣಗಿ ಕೂತಿದೆ. ಈ ಮಿಷನ್‌ಗೆ ಏನೋ ಆಗಿದೆ."

ಅತ್ತೆ ಮಗುವನ್ನು ಹೆಗಲ ಮೇಲೆ ಸರಿಮಾಡಿಕೊಂಡು ಬಗ್ಗಿ ನೋಡಿದರು. ಅವರಿಗೆ ಕಂಡದ್ದು ಬೆಳ್ಳಗೆ ದುಂಡಗಿದ್ದ ಏನೋ ಒಂದು. ಅಗುಳೂ ಇಲ್ಲ, ಮೊಟ್ಟೆಯೂ ಇಲ್ಲ.

"ಹೌದಲ್ಲ! ಎಷ್ಟು ದೊಡ್ಡ ಅಗುಳು," ಎಂದರು.

"ದೊಡ್ಡದೇನಲ್ಲ, ಅರ್ಧ ಇದೆ."

"ಅರ್ಧ ಆದ್ರೂ ಅಗುಳು ಅಗುಳೇ ಅಲ್ವೇನೇ," ಎಂದು ಹೇಳಿ, ಮಗುವಿಗೆ ಹಸಿವಾಗಿರಬೇಕು ಎಂಬ ನೆಪ ತೆಗೆದು ಅತ್ತೆ ಅಡುಗೆಮನೆಯಿಂದ ಹೊರಗೆ ಬಂದುಬಿಟ್ಟರು. ಮಗು ಹಾಲು ಕುಡಿದು ಇನ್ನೂ ಬಾಯಿ ಕೂಡ ಒರೆಸಿಕೊಂಡಿರಲಿಲ್ಲ.

ಈ ಮನೆಯ ಪಾತ್ರೆ ತೊಳೆಯುವ ಮಿಷನ್ನಿಗೆ ಆ ಕಟ್ಟಡದಲ್ಲೆಲ್ಲ ಒಳ್ಳೆಯ ಹೆಸರಿತ್ತು. ಮೂರನೇ ಮಹಡಿಯ ಇವರ ಮನೆಯಲ್ಲಿ ಲೋಟಗಳು ಹೊಳೆಯುವುದನ್ನು ಕಂಡು, ಕೆಳಮನೆಯ ಟೀಚರ್ ಹಟ ಹಿಡಿದು ಅಂಥದ್ದೇ ಒಂದನ್ನು ಕೊಂಡಿದ್ದರು. ಕೊಂಡ ವಾರದಲ್ಲೇ ಮೇಲೆ ಬಂದು ಗೋಳು ತೋಡಿಕೊಂಡಿದ್ದರು. "ನಮ್ಮದು ಒಂದೇ ಸಮ ಗುರ್ರ್ ಅನ್ನುತ್ತೆ ಕಣ್ರೀ. ನಿಮ್ಮದು ಉಸಿರೂ ಬಿಡಲ್ಲವಲ್ಲ!" ಅದಕ್ಕೆ ಅತ್ತೆ, "ನಾವು ಜೋಪಾನವಾಗಿ ನೋಡ್ಕೋತೀವಿ," ಎಂದು ಗಂಭೀರವಾಗಿ ಹೇಳಿ ಕಳಿಸಿದ್ದರು.

ಅದು ಉಸಿರು ಬಿಡದಿರುವುದಕ್ಕೆ ಕಾರಣವಿತ್ತು. ಮನೆಗೆ ಬಂದ ದಿನದಿಂದ ಇವತ್ತಿನವರೆಗೆ ಆ ಮಿಷನ್ ಒಂದು ಚಮಚವನ್ನೂ ತೊಳೆದಿರಲಿಲ್ಲ. ತೊಳೆಯುತ್ತಿದ್ದವರು ಅತ್ತೆ. ಮಧ್ಯಾಹ್ನ ಅಡುಗೆಮನೆಯ ಬಾಗಿಲು ಹಾಕಿಕೊಂಡು, ರಬ್ಬರ್ ಗ್ಲೌಸ್ ತೊಟ್ಟು, ಸಿಂಕಿನಲ್ಲಿ ಎಲ್ಲವನ್ನೂ ಉಜ್ಜಿ ತೊಳೆದು, ಒಂದೊಂದಾಗಿ ಮಿಷನ್ನಿನ ಜಾಲರಿಯಲ್ಲಿ ಜೋಡಿಸಿ ಮುಚ್ಚುತ್ತಿದ್ದರು. ಸಂಜೆ ಯಾರಾದರೂ ಬಾಗಿಲು ತೆರೆದರೆ ತಟ್ಟೆಗಳು ಹಸಿಹಸಿಯಾಗಿ ಸಾಲಾಗಿ ನಿಂತಿರುತ್ತಿದ್ದವು. ಇದಕ್ಕಿಂತ ಬೇರೆ ಸಾಕ್ಷಿ ಯಾರಿಗೆ ಬೇಕು? ಮಿಷನ್ನಿಗೆ ಹಾಕುವ ಪುಡಿಯನ್ನು ಮಗ ತಪ್ಪದೆ ತರುತ್ತಿದ್ದ. ಅದನ್ನು ಅತ್ತೆ ತಪ್ಪದೆ ಬಚ್ಚಲಿಗೆ ಹಾಕಿ ಉಜ್ಜುತ್ತಿದ್ದರು. ಬಚ್ಚಲೂ ಹೊಳೆಯುತ್ತಿತ್ತು.

ಇದನ್ನು ಹಟವೆಂದೂ ಅನ್ನಬಹುದು, ಹುಚ್ಚೆಂದೂ ಅನ್ನಬಹುದು. ಅತ್ತೆಯ ಗಂಡ ಅಂಚೆ ಹಂಚುತ್ತಿದ್ದವರು. ಹಗಲೆಲ್ಲ ಊರಿನವರ ಮಾತುಗಳನ್ನು ಹೊತ್ತು ತಿರುಗಿ, ಮನೆಗೆ ಬಂದರೆ ಮೂಕ. ಅವರು ಬಾಯಿ ಬಿಚ್ಚುತ್ತಿದ್ದದ್ದು ಸಿಂಕಿನ ಮುಂದೆ ಮಾತ್ರ. ಇವರು ತೊಳೆಯುವುದು, ಅವರು ಹೆಗಲ ಮೇಲಿನ ಬಟ್ಟೆ ತೆಗೆದು ಒರೆಸುವುದು. ಮಗನನ್ನು ಯಾವ ಶಾಲೆಗೆ ಹಾಕುವುದು, ಈ ಮನೆ ಕೊಳ್ಳುವುದೋ ಬೇಡವೋ, ಯಾರ ಜೊತೆ ಮಾತು ಬಿಡುವುದು, ಎಲ್ಲವೂ ಅಲ್ಲೇ ತೀರ್ಮಾನ. ಒಮ್ಮೆ ಜಗಳವಾಡಿ ಮಾತು ಬಿಟ್ಟಾಗಲೂ ಒರೆಸುವುದನ್ನು ಬಿಟ್ಟಿರಲಿಲ್ಲ ಪುಣ್ಯಾತ್ಮ. ಅವರು ಹೋದ ಮೇಲೆ ಅತ್ತೆ ಒಬ್ಬರೇ ತೊಳೆದು ಒಬ್ಬರೇ ಒರೆಸಿ, ಸೋಪಿನ ನೀರಿಗೆ ಕೈ ಒಡೆದು ಹುಣ್ಣಾದವು. ಸೋಪು ಮುಟ್ಟಬಾರದೆಂದು ಡಾಕ್ಟರು ಹೇಳಿದ್ದೇ ತಡ, ಬಸ್ ಡಿಪೋದಲ್ಲಿ ಮೇಲ್ವಿಚಾರಕನಾಗಿರುವ ಮಗ ಮಿಷನ್ ತಂದು ನಿಲ್ಲಿಸಿದ.

"ಇನ್ಮೇಲೆ ನೀನು ಸಿಂಕಿನ ಹತ್ರ ಸುಳಿಯೋ ಹಾಗಿಲ್ಲ ಅಮ್ಮ," ಎಂದಿದ್ದ. ಎಷ್ಟು ಸಂತೋಷದಿಂದ ಹೇಳಿದ್ದನೆಂದರೆ ಅತ್ತೆಗೆ ಬೇಡವೆನ್ನಲು ಬಾಯಿ ಬರಲಿಲ್ಲ. ಮಿಷನ್ ನಡೆಸಿ ತೋರಿಸಿಕೊಡಲು ಅಂಗಡಿಯಿಂದ ಹುಡುಗಿಯೊಬ್ಬಳು ಬಂದಾಗ ಮನೆಯಲ್ಲಿ ಅವರೊಬ್ಬರೇ. "ನನಗೆಲ್ಲ ಗೊತ್ತಮ್ಮ, ನಮ್ಮ ತಂಗಿ ಮನೇಲೂ ಇದೆ," ಎಂದು ಇಲ್ಲದ ತಂಗಿಯನ್ನು ಹುಟ್ಟಿಸಿ, ಅವಳಿಗೆ ಟೀ ಕುಡಿಸಿ ಕಳಿಸಿದ್ದರು. ಗ್ಲೌಸಿನ ದೆಸೆಯಿಂದ ಕೈ ವಾಸಿಯಾಯಿತು. ಹೆಸರು ಮಿಷನ್ನಿಗೆ ಬಂತು.

ಎಲ್ಲವೂ ಚೆನ್ನಾಗಿಯೇ ನಡೆದಿತ್ತು. ಆದರೆ ಕಳೆದ ವರ್ಷದಿಂದ ಕಣ್ಣಿಗೆ ಮಂಜು ಕವಿಯತೊಡಗಿತು. ಮೊದಲು ಬೀದಿದೀಪಗಳ ಸುತ್ತ ಬಳೆ ಕಾಣಿಸಿತು. ಆಮೇಲೆ ಸಿಂಕಿನ ಕಿಟಕಿಯಿಂದ ಕಾಣುತ್ತಿದ್ದ ರಸ್ತೆಯಾಚೆಯ ಬಸ್ ನಿಲ್ದಾಣದಲ್ಲಿ ಜನರ ಮುಖ ಅಳಿಸಿಹೋಗಿ ಬರೀ ಬಣ್ಣಗಳು ಓಡಾಡತೊಡಗಿದವು. ಗ್ಲೌಸಿನೊಳಗಿನ ಬೆರಳಿಗೆ ಅಗುಳು ತಿಳಿಯದು. ಕಣ್ಣಿಗೂ ಕಾಣದು. ಹೀಗಾಗಿ ಅರ್ಧ ಅಗುಳು, ಒಣಗಿದ ಮೊಟ್ಟೆ, ಸೊಪ್ಪಿನ ಚೂರು ಒಂದೊಂದಾಗಿ ಸೊಸೆಯ ಕಣ್ಣಿಗೆ ಬೀಳತೊಡಗಿದ್ದವು.

ಕಣ್ಣಿನ ವಿಷಯವನ್ನು ಅತ್ತೆ ಯಾರಿಗೂ ಹೇಳಿರಲಿಲ್ಲ. ಬರುವ ತಿಂಗಳು ಸೊಸೆಯ ರಜೆ ಮುಗಿಯುತ್ತದೆ. ಹಗಲಿನಲ್ಲಿ ಮಗು ಅತ್ತೆಯ ಹತ್ತಿರ ಎಂದು ಮೊದಲೇ ಮಾತಾಗಿತ್ತು. ಆ ದಿನಕ್ಕಾಗಿ ಅತ್ತೆ ಒಳಗೊಳಗೇ ಕುಣಿಯುತ್ತ ಕಾದಿದ್ದರು. ಬಾಟಲಿಯಲ್ಲಿ ಕೂದಲು ಹುಡುಕುವ ಹುಡುಗಿ, ತಟ್ಟೆಯಲ್ಲಿ ಅಗುಳು ಕಾಣದವರ ಕೈಗೆ ತನ್ನ ಮಗುವನ್ನು ಕೊಟ್ಟು ಹೋಗುತ್ತಾಳೆಯೇ? ಕಾರ್ಖಾನೆಯ ಪಕ್ಕದಲ್ಲೇ ಒಂದು ಡೇ ಕೇರ್ ಇದೆ ಎಂದು ಅವಳು ಮಾತಿನ ನಡುವೆ ಒಮ್ಮೆ ಹೇಳಿದ್ದು ಅತ್ತೆಯ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿತ್ತು.

ಸೊಸೆ ಮಾತ್ರ ಮಿಷನ್ನಿನ ಹಿಂದೆ ಬಿದ್ದಳು. ಪುಡಿ ಸರಿಯಿಲ್ಲವೆಂದು ಬೇರೆ ಪುಡಿ ತರಿಸಿದಳು. ನೀರು ಗಡುಸಾಗಿರಬೇಕೆಂದು ಅದಕ್ಕೆಂದೇ ಸಿಗುವ ಉಪ್ಪನ್ನು ಸುರಿದಳು. ತಟ್ಟೆಗೆ ತಟ್ಟೆ ತಾಗದಂತೆ, ದೊಡ್ಡ ಪಾತ್ರೆ ನೀರಿಗೆ ಅಡ್ಡ ಬರದಂತೆ ಹೇಗೆ ಜೋಡಿಸಬೇಕೆಂದು ಅತ್ತೆಗೆ ಮಗುವಿಗೆ ಹೇಳುವಷ್ಟು ನಿಧಾನವಾಗಿ ಹೇಳಿಕೊಟ್ಟಳು. ಅತ್ತೆ ತಲೆಯಾಡಿಸಿದರು. ಒಂದು ದಿನ ತಳದಲ್ಲಿದ್ದ ಫಿಲ್ಟರ್ ಬಿಚ್ಚಿ ತೆಗೆದು ದಂಗಾದಳು.

"ಇದ್ರಲ್ಲಿ ಒಂದು ಚೂರೂ ಕಸ ಇಲ್ವಲ್ಲ ಅತ್ತೆ! ಇಷ್ಟು ಕ್ಲೀನ್ ಇರೋ ಫಿಲ್ಟರ್ ಇಟ್ಕೊಂಡು ತಟ್ಟೆ ಯಾಕೆ ಹೀಗೆ ಕೊಡುತ್ತೆ?"

"ಏನೋಪ್ಪ, ಅದರ ಹೊಟ್ಟೇಲಿ ಏನಿದೆಯೋ," ಎಂದರು ಅತ್ತೆ. ಯಾವ ತಪ್ಪೂ ಮಾಡದೆ ಮೂಲೆಯಲ್ಲಿ ನಿಂತು ಬೈಸಿಕೊಳ್ಳುತ್ತಿದ್ದ ಆ ಮಿಷನ್ನಿನ ಮೇಲೆ ಅವರಿಗೆ ನಿಜವಾಗಿ ಕನಿಕರ ಬಂತು.

"ಇವತ್ತು ನಾನೇ ಹಾಕ್ತೀನಿ, ನಿಂತು ನೋಡ್ತೀನಿ," ಎಂದು ಇನ್ನೊಂದು ದಿನ ಅವಳು ತೋಳು ಮಡಚಿದಳು. ಅಷ್ಟರಲ್ಲಿ ಮಗು ಕೋಣೆಯಿಂದ ಸೂರು ಹಾರಿಹೋಗುವಂತೆ ಕಿರುಚಿಕೊಂಡಿತು. ಅಜ್ಜಿಯ ಮಾನ ಕಾಯುವುದಕ್ಕೆ ಮೊಮ್ಮಕ್ಕಳು ಇರಬೇಕು ಎಂದುಕೊಂಡು ಅತ್ತೆ ಬಾಗಿಲು ಹಾಕಿಕೊಂಡರು.

ಹೀಗೆ ಎಷ್ಟು ದಿನ ನಡೆದೀತು? ಇನ್ನು ನಿಜವಾಗಿಯೇ ಮಿಷನ್ ಓಡಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಅತ್ತೆಗೆ ಹೊಳೆಯಿತು. ಸಿಂಕಿನ ಮುಂದಿನ ಆ ಹೊತ್ತನ್ನು ಬಿಟ್ಟುಕೊಡುವುದು ಸಂಕಟವೇ. ಆದರೂ ಮಗುವಿಗಿಂತ ಹೆಚ್ಚಿನದೇ? ಒಂದು ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿ ಎಂಜಲು ತಟ್ಟೆಗಳನ್ನೇ ಜೋಡಿಸಿ, ಪುಡಿ ಹಾಕಿ, ಬಾಗಿಲು ಮುಚ್ಚಿ, ಗುಂಡಿಗಳಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದರು. ಅಕ್ಷರಗಳು ಒಂದರೊಳಗೊಂದು ಸೇರಿಹೋಗಿದ್ದವು. ಅಂದಾಜಿನ ಮೇಲೆ ಒತ್ತಿದರು. ಮಿಷನ್ ಒಮ್ಮೆ ಗುಟುರು ಹಾಕಿ ಸುಮ್ಮನಾಯಿತು. ಆಮೇಲೆ ಕೆಂಪು ದೀಪ ಮಿಣುಕಿಸುತ್ತ ಕೀಂಕೀಂ ಎಂದು ಬಾಯಿ ಬಡಿದುಕೊಳ್ಳಲು ಶುರುಮಾಡಿತು. ಯಾವ ಗುಂಡಿ ಒತ್ತಿದರೂ ನಿಲ್ಲಲೊಲ್ಲದು.

ಸೊಸೆ ಓಡಿ ಬಂದಳು. ಕೆಂಪು ದೀಪ ಕಂಡು ಅವಳ ಮುಖ ಅರಳಿತು. "ನಾನು ಹೇಳ್ಲಿಲ್ವಾ! ಕೆಟ್ಟಿದೆ ಅಂತ ಈಗ ಅದೇ ಒಪ್ಕೊಂಡಿದೆ. ನಾಳೆ ರಿಪೇರಿಯವರನ್ನ ಕರೆಸ್ತೀನಿ."

ರಾತ್ರಿ ಎಲ್ಲರೂ ಮಲಗಿದ ಮೇಲೆ ಅತ್ತೆ ಗ್ಲೌಸು ತೊಟ್ಟು ಊಟದ ಪಾತ್ರೆಗಳನ್ನು ತೊಳೆದಿಟ್ಟರು.

ರಿಪೇರಿಯವನು ಮರುದಿನ ಬೆಳಿಗ್ಗೆ ಬಂದ. ಮಾತಿನ ಮಲ್ಲ. ಚಪ್ಪಲಿ ಬಿಡುವಾಗ ಶುರುವಾದ ಮಾತು ಮಿಷನ್ನಿನೊಳಗೆ ತಲೆ ತೂರಿಸಿದಾಗಲೂ ನಿಲ್ಲಲಿಲ್ಲ. ಸಿಂಕಿನ ಕೆಳಗೆ ಅಂಗಾತ ಮಲಗಿ, "ನೀರಿನ ನಲ್ಲೀನೇ ಮುಚ್ಚಿದೆಯಲ್ಲ ಮೇಡಂ! ನೀರಿಲ್ಲದೆ ಅದಾದ್ರೂ ಏನು ಮಾಡುತ್ತೆ ಪಾಪ," ಎಂದ. ಬಿಗಿದುಕೊಂಡಿದ್ದ ನಲ್ಲಿಯನ್ನು ಇಕ್ಕಳ ಹಾಕಿ ತಿರುಗಿಸಿದ. ಆಮೇಲೆ ಮೇಲಿನ ಜಾಲರಿಯನ್ನು ಹೊರಗೆಳೆದು, ನೀರು ಚಿಮ್ಮುತ್ತ ತಿರುಗುವ ಫ್ಯಾನಿನಂಥ ರೆಕ್ಕೆಯನ್ನು ಬೆರಳಿನಿಂದ ತಳ್ಳಿದ. ಅದು ತಿರುಗಲಿಲ್ಲ. ಟಾರ್ಚ್ ಬಿಟ್ಟು ನೋಡಿದವನು ಗಟ್ಟಿಯಾಗಿ ನಕ್ಕ.

"ಅಜ್ಜಿ, ಇಲ್ಲಿ ಬನ್ನಿ, ತಮಾಷೆ ನೋಡಿ! ಕಾರ್ಖಾನೇಲಿ ಅಂಟಿಸಿದ ಟೇಪು ಹಾಗೇ ಇದೆ. ರೆಕ್ಕೆ ಅಲ್ಲಾಡ್ದೆ ಇರ್ಲಿ ಅಂತ ಹಾಕಿರ್ತಾರೆ. ಈ ಮಿಷನ್ ಹುಟ್ಟಿದ ಮೇಲೆ ಒಂದ್ಸಲಾನೂ ಪಾತ್ರೆ ತೊಳೆದಿಲ್ಲ."

ಅತ್ತೆ ಗೋಡೆಗೆ ಒರಗಿಕೊಂಡರು. ಸೊಸೆಯ ಮುಖದ ಮೇಲೆ ಏನಿದೆಯೆಂದು ನೋಡಲು ಕಣ್ಣು ಕಿರಿದು ಮಾಡಿದರು, ಕಾಣಲಿಲ್ಲ.

"ಅದೂ... ನಾವು ಇಷ್ಟು ದಿನ ಉಪಯೋಗಿಸಿರಲಿಲ್ಲ," ಎಂದಳು ಸೊಸೆ.

"ತಟ್ಟೇಲಿ ಅನ್ನ ಉಳಿಯುತ್ತೆ ಅಂತ ಫೋನಲ್ಲಿ ಹೇಳಿದ್ರಲ್ಲ?"

"ಅದು ಕೆಳಮನೆ ಟೀಚರ್‌ದು," ಎಂದು ಸೊಸೆ ತಡವರಿಸದೆ ಹೇಳಿದಳು. ಅವಳು ಸುಳ್ಳು ಹೇಳಿದ್ದನ್ನು ಅತ್ತೆ ಕೇಳಿದ್ದು ಅದೇ ಮೊದಲು.

ಅವನು ಟೇಪು ಕಿತ್ತು, ನಿನ್ನೆಯ ಎಂಜಲು ತಟ್ಟೆಗಳನ್ನೇ ಹಾಕಿ ಮಿಷನ್ ಶುರುಮಾಡಿಕೊಟ್ಟು, ಟೀಚರ್ ಮನೆಗೂ ಹೋಗಿಬರುತ್ತೇನೆಂದು ಇಳಿದುಹೋದ. ಮಿಷನ್ ಗುರ್ರ್ ಎನ್ನತೊಡಗಿತು. ಟೀಚರ್ ಹೇಳಿದ್ದು ಹೆಚ್ಚೇನಲ್ಲ.

ಸೊಸೆ ಸಿಂಕಿನ ಕೆಳಗಿನ ಬಾಗಿಲು ತೆರೆದು, ರಿಪೇರಿಯವನು ಮಲಗಿದ್ದಾಗಲೇ ಬಕೆಟ್ಟಿನ ಹಿಂದೆ ಕಣ್ಣಿಗೆ ಬಿದ್ದಿದ್ದ ಗ್ಲೌಸು ತೆಗೆದು ಮೇಜಿನ ಮೇಲಿಟ್ಟಳು. ಇನ್ನೂ ಒದ್ದೆಯಾಗಿದ್ದವು.

"ಇಷ್ಟು ವರ್ಷ ನೀವೇ ತೊಳೀತಿದ್ರಾ ಅತ್ತೆ?"

"ಹೂಂ."

"ಮತ್ತೆ ಪುಡಿ? ಡಬ್ಬಗಟ್ಟಲೆ ತಂದಿದ್ದಾರಲ್ಲ ನಿಮ್ಮ ಮಗ?"

"ಬಚ್ಚಲಿಗೆ ಹಾಕ್ತಿದ್ದೆ."

ಸೊಸೆಗೆ ನಗು ಬಂದುಬಿಟ್ಟಿತು. ಕುರ್ಚಿಯ ಮೇಲೆ ಕುಸಿದು ಕುಳಿತು ನಕ್ಕಳು. ಅತ್ತೆಗೂ ಹಗುರವಾಗಿ, ತಾವೂ ನಗಬಹುದೇನೋ ಎಂದು ಬಾಯಿ ತೆರೆದರು. ಅಷ್ಟರಲ್ಲಿ ಅವಳ ನಗು ನಿಂತಿತು.

"ಹಾಗಾದ್ರೆ ಆ ಅಗುಳು... ಮಿಷನ್ ಬಿಟ್ಟಿದ್ದಲ್ಲ."

ಅತ್ತೆ ಒದ್ದೆ ಗ್ಲೌಸನ್ನು ಮಡಚತೊಡಗಿದರು.

"ಅತ್ತೆ, ನಿಮಗೆ ಕಾಣ್ತಿಲ್ವಾ?"

ಇಲ್ಲವೆನ್ನಲು ಸಾವಿರ ದಾರಿಯಿತ್ತು. ಆದರೆ ಈಗಷ್ಟೇ ತಮ್ಮ ಮಾನ ಉಳಿಸಲು ಸುಳ್ಳು ಹೇಳಿದವಳ ಎದುರು ಅತ್ತೆಗೆ ನಾಲಿಗೆ ಹೊರಳಲಿಲ್ಲ. "ಒಂದು ವರ್ಷ ಆಯ್ತು ಕಣಮ್ಮ. ಎಲ್ಲ ಮಂಜು ಮಂಜು," ಎಂದರು.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮಗೂನ ನನ್ನ ಹತ್ರ ಬಿಟ್ಟು ಹೋಗ್ತಿದ್ಯಾ?"

ಸೊಸೆ ಯೋಚಿಸಿದಳು. ಬೇರೆ ಯಾರಾದರೂ ಆಗಿದ್ದರೆ ಮಾತು ತೇಲಿಸುತ್ತಿದ್ದರು.

"ಇಲ್ಲ," ಎಂದಳು.

ಮಿಷನ್ನಿನೊಳಗೆ ನೀರು ಬಡಿಯುತ್ತಿತ್ತು. ಅತ್ತೆಗೆ ಅಳು ಬಂತು, ತಡೆದುಕೊಂಡರು. ಸೊಸೆಗೆ ಸಿಟ್ಟು ಬಂದಿತ್ತು, ಅವಳು ತಡೆದುಕೊಳ್ಳಲಿಲ್ಲ.

"ಪುಟ್ಟಿಗೆ ಸ್ನಾನ ಮಾಡಿಸ್ತಿದ್ರಲ್ಲ ಅತ್ತೆ! ಬಿಸಿನೀರು... ಮೆಟ್ಟಿಲು..."

"ನೀರನ್ನ ಮೊಣಕೈ ಅದ್ದಿ ನೋಡ್ದೆ ಒಂದು ದಿನಾನೂ ಹಾಕಿಲ್ಲ. ಅವಳನ್ನ ಎತ್ಕೊಂಡು ಮೆಟ್ಟಿಲು ಇಳಿದಿಲ್ಲ. ಅವಳ ಮೈಮೇಲೆ ಒಂದು ಇರುವೆ ಹರಿದ್ರೂ ನನ್ನ ಕೈಗೆ ಗೊತ್ತಾಗುತ್ತೆ ಕಣೇ."

"ತಟ್ಟೆ ಮೇಲಿನ ಅಗುಳು ಗೊತ್ತಾಗ್ಲಿಲ್ವಲ್ಲ ನಿಮ್ಮ ಕೈಗೆ!"

"ಗ್ಲೌಸು ಹಾಕಿದ್ನಲ್ಲ," ಎಂದರು ಅತ್ತೆ ಸಣ್ಣ ದನಿಯಲ್ಲಿ.

ಸೊಸೆ ಎದ್ದು ಹೋಗಿ ಕೋಣೆಯಲ್ಲಿ ಇಣುಕಿದಳು. ಪಾತ್ರೆಗಳ ಸದ್ದಿಗೆ ಏಳುತ್ತದೆಂದು ಅತ್ತೆ ನೆಪ ಹೇಳಿ ಇಷ್ಟು ದಿನ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಅದೇ ಮಗು, ಅಷ್ಟು ಗದ್ದಲದಲ್ಲೂ ಮುಷ್ಟಿ ಬಿಗಿದು ಗಾಢವಾಗಿ ಮಲಗಿತ್ತು. ಅವಳು ವಾಪಸು ಬಂದು ಅತ್ತೆಯ ಎದುರು ನಿಂತಳು. ಬಂದ ನೆಂಟರೆಲ್ಲ ಮಗುವಿಗೆ ತಾತನದ್ದೇ ಮೂಗು ಎಂದಿದ್ದರು. ಅತ್ತೆಯೂ ಎಲ್ಲರಿಗೂ ಅದನ್ನೇ ಹೇಳುತ್ತ ಬಂದಿದ್ದರು.

"ಅತ್ತೆ, ಪುಟ್ಟೀ ಮೂಗು ನಿಜವಾಗ್ಲೂ ಮಾವನ ಥರ ಇದೆಯಾ?"

"ಎಲ್ಲರೂ ಹಾಗೇ ಅಂತಾರಲ್ಲ."

"ನಿಮಗೇನು ಅನ್ಸುತ್ತೆ?"

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. "ನಾನು ಅವಳ ಮುಖ ಇನ್ನೂ ಸರಿಯಾಗಿ ನೋಡಿಲ್ಲಮ್ಮ."

ಸೊಸೆಯ ಸಿಟ್ಟು ಎಲ್ಲಿ ಹೋಯಿತೋ. ಸಿಂಕಿನ ಕಡೆ ತಿರುಗಿ ನಲ್ಲಿ ಬಿಟ್ಟು ಮುಖ ತೊಳೆದುಕೊಂಡಳು. ಬಹಳ ಹೊತ್ತು ತೊಳೆದುಕೊಂಡಳು. ಆಮೇಲೆ, "ಮೊದಲು ಕಣ್ಣು ತೋರ್ಸೋಣ. ಮಗು ವಿಷಯ ಆಮೇಲೆ. ಈಗ ನಾನು ಏನೂ ಮಾತು ಕೊಡಲ್ಲ," ಎಂದಳು.

ಸಂಜೆ ಮಗ ಬಂದವನು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟ. "ಇದೇನಿದು ಇಷ್ಟು ಸದ್ದು? ಮುಂಚೆ ಹೀಗಿರ್ಲಿಲ್ಲವಲ್ಲ! ಆ ರಿಪೇರಿಯವನು ಕೆಡಿಸಿ ಹೋದ್ನಾ?" ಅತ್ತೆ ಸೊಸೆ ಮುಖ ಮುಖ ನೋಡಿಕೊಂಡು ನಕ್ಕರು. ಕಣ್ಣಿನ ವಿಷಯ ಅವನಿಗೆ ಹೇಳಿದರು. ಮಿಷನ್ನಿನ ವಿಷಯ ಹೇಳಲಿಲ್ಲ. ಅದನ್ನು ಅವನು ಇವತ್ತಿಗೂ ಅರಿಯ.

ಕಣ್ಣಿನಲ್ಲಿ ಪೊರೆ ಬಲಿತಿತ್ತು. ಇಷ್ಟು ತಡ ಯಾಕೆ ಮಾಡಿದಿರೆಂದು ಡಾಕ್ಟರು ಗದರಿದರು. ಒಂದು ಕಣ್ಣಿಗೆ ಆಪರೇಷನ್ ಆಯಿತು, ಕೆಲವು ವಾರ ಬಿಟ್ಟು ಇನ್ನೊಂದಕ್ಕೆ. ಸೊಸೆ ರಜೆಯನ್ನು ಮುಂದಕ್ಕೆ ಹಾಕಿಸಿಕೊಂಡಳು. ಹೊತ್ತು ಹೊತ್ತಿಗೆ ಕಣ್ಣಿಗೆ ಔಷಧಿ ಬಿಟ್ಟಳು, ತಲೆಗೆ ನೀರು ತಾಗದಂತೆ ಸ್ನಾನ ಮಾಡಿಸಿದಳು, ಬಗ್ಗಿದರೆ ಗದರಿದಳು. ಮೊದಲ ಕಣ್ಣಿನ ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದು ಮಗುವನ್ನು ಅವರ ಮಡಿಲಿಗೆ ಕೊಟ್ಟಳು. ಅತ್ತೆ ಅದನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಹುಬ್ಬು ಇಷ್ಟು ತೆಳ್ಳಗಿದೆಯೆಂದು, ಕಿವಿಯ ಹಿಂದೆ ಸಣ್ಣ ಮಚ್ಚೆಯಿದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ಮಗುವಿನ ಮೂಗಿನ ಮೇಲೆ ಬೆರಳಾಡಿಸಿದರು.

"ಮೂಗು ಅವರದ್ದಲ್ಲ ಕಣೇ. ನಿಂದೇ. ಎಲ್ಲರೂ ಸೇರಿ ಸುಳ್ಳು ಹೇಳಿದಾರೆ."

"ನೀವೂ ಸೇರಿ," ಎಂದಳು ಸೊಸೆ.

ಆದರೂ ಅವಳು ಮಾತು ಕೊಡಲಿಲ್ಲ. ಡೇ ಕೇರಿನವರಿಗೆ ಹೇಳಿಟ್ಟಿದ್ದೇನೆ ಎಂದಷ್ಟೇ ಅಂದಳು. ಅತ್ತೆ ಕೇಳಲೂ ಇಲ್ಲ. ಸುಳ್ಳು ಹೇಳಿದ್ದು ತಾವು, ಇನ್ನು ಕೇಳುವುದಕ್ಕೆ ಯಾವ ಮುಖ?

ಕೆಲಸಕ್ಕೆ ಹೋಗುವ ದಿನ ಬೆಳಿಗ್ಗೆ ಮಗುವಿನ ಚೀಲ ತುಂಬಿ ಬಾಗಿಲ ಬಳಿ ಕೂತಿತ್ತು. ಹಾಲಿನ ಬಾಟಲಿ, ಬದಲು ಬಟ್ಟೆ, ಗಿಲಕಿ, ಹೊದಿಕೆ. ಮಗ ಆಗಲೇ ಡಿಪೋಗೆ ಹೋಗಿದ್ದ. ಸೊಸೆ ತನ್ನ ಚೀಲವನ್ನು ಒಂದು ಹೆಗಲಿಗೂ ಮಗುವಿನ ಚೀಲವನ್ನು ಇನ್ನೊಂದಕ್ಕೂ ಏರಿಸಿಕೊಂಡು ನಿಂತಳು. ಅಡುಗೆಮನೆಯಲ್ಲಿ ಅತ್ತೆ ಒಂದು ಕೈಯಲ್ಲಿ ಮಗುವನ್ನು ಎತ್ತಿಕೊಂಡು, ಇನ್ನೊಂದರಲ್ಲಿ ಮಿಷನ್ನಿನಿಂದ ರಾತ್ರಿಯ ತಟ್ಟೆಗಳನ್ನು ತೆಗೆದಿಡುತ್ತಿದ್ದರು. ಈಚೆಗೆ ಮಿಷನ್ನೇ ತೊಳೆಯುತ್ತಿತ್ತು. ಕಣ್ಣು ಪೂರ್ತಿ ವಾಸಿಯಾಗುವವರೆಗೆ ಸಿಂಕಿನ ಹತ್ತಿರ ಬರಕೂಡದೆಂದು ಸೊಸೆ ಅಪ್ಪಣೆ ಮಾಡಿದ್ದಳು.

ಮಗುವನ್ನು ತೆಗೆದುಕೊಳ್ಳಲು ಸೊಸೆ ಕೈ ಚಾಚಿದಳು. ಅತ್ತೆ ಕೊಡಲಿಲ್ಲ. ಕೈಯಲ್ಲಿದ್ದ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಿದ್ದರು.

"ಇದು ವಾಪಸ್," ಎಂದರು.

"ಏನು?"

"ಅಂಚಿನ ಹತ್ರ. ಸೊಪ್ಪಿನ ಚೂರು ಅಂಟಿಕೊಂಡಿದೆ."

ಸೊಸೆ ತಟ್ಟೆ ತೆಗೆದುಕೊಂಡು ನೋಡಿದಳು. ಏನೂ ಇರಲಿಲ್ಲ. ಓರೆ ಮಾಡಿ ನೋಡಿದಳು. ಕಿಟಕಿಯ ಹತ್ತಿರ ಹೋಗಿ, ಒಂದು ಕಣ್ಣು ಮುಚ್ಚಿ, ಬಾಟಲಿಯನ್ನು ನೋಡುವ ಹಾಗೆ ನೋಡಿದಳು. ಅಂಚಿನ ತಿರುವಿನಲ್ಲಿ, ಎಳ್ಳಿಗಿಂತ ಸಣ್ಣ ಒಂದು ಹಸಿರು ಚುಕ್ಕೆ ಇತ್ತು.

ಅವಳು ಉಗುರಿನಿಂದ ಅದನ್ನು ತೆಗೆದಳು. ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಹೊರಗೆ ಬಸ್ಸೊಂದು ಬಂದು ನಿಂತು ಹೊರಟುಹೋದ ಸದ್ದು ಕೇಳಿಸಿತು. ಆಮೇಲೆ ಮಗುವಿನ ಚೀಲವನ್ನು ಹೆಗಲಿನಿಂದ ಇಳಿಸಿ, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದಳು.

"ಮಲಗಿ ಎದ್ದ ಮೇಲೆ ಹಾಲು ಕುಡಿಸಿ. ಜಾಸ್ತಿ ಬಿಸಿ ಬೇಡ," ಎಂದಳು. ಮಗುವಿನ ತಲೆಯನ್ನು ಮೂಸಿ, ತಿರುಗಿ ನೋಡದೆ ಮೆಟ್ಟಿಲಿಳಿದಳು.

ಅತ್ತೆ ಸಿಂಕಿನ ಕಿಟಕಿಗೆ ಬಂದು ನಿಂತರು. ಸೊಸೆ ರಸ್ತೆ ದಾಟಿ ಬಸ್ ನಿಲ್ದಾಣ ಸೇರಿದಳು. ಚೀಲದಲ್ಲಿ ಕರವಸ್ತ್ರ ಹುಡುಕಿದಳು, ಸಿಗಲಿಲ್ಲವೆಂದು ಅಂಗೈಯಿಂದಲೇ ಕೆನ್ನೆ ಒರೆಸಿಕೊಂಡಳು. ಎಲ್ಲ ಕಾಣುತ್ತಿತ್ತು. ಅವಳು ತಲೆಯೆತ್ತಿ ಮೂರನೇ ಮಹಡಿಯ ಕಡೆ ನೋಡಿದಾಗ, ಅತ್ತೆ ಮಗುವಿನ ಕೈ ಹಿಡಿದು ಗಾಜಿನ ಮುಂದೆ ಆಡಿಸಿದರು.